ಮುಲಾಮಿನ ಮೇಲೆ ಎಕ್ಕದೆಲೆ

ನಮ್ಮತ್ತೆಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಗೋಡೆಯಾದರೂ ತಿರುಗಿ ಬೈಯುವುದಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಕುರುಗೋಡಿನಲ್ಲಿದ್ದೆವು. ನಿಮಗೆ ಸಕ್ಕರೆ ಕಾಯಿಲೆ, ಕಣ್ಣು ಬೇರೆ ಮಂಜು, ಮೆಣಸಿನಕಾಯಿ ಒಣಹಾಕಲು ಮಾಳಿಗೆ ಹತ್ತಬೇಡಿ ಎಂದು ಬಡಕೊಂಡೆ. ಹತ್ತಿದರು. ಇಳಿಯುವಾಗ ಏಣಿಯ ಕೊನೆಯ ಮೆಟ್ಟಿಲು ತಪ್ಪಿ ಕಾಲು ಉಳುಕಿಸಿಕೊಂಡರು.

ನನ್ನ ಗಂಡ ಬಳ್ಳಾರಿಯಿಂದ ನೋವಿನ ಮುಲಾಮಿನ ಟ್ಯೂಬು ತಂದುಕೊಟ್ಟರು. ತೆಳ್ಳಗೆ ಸವರಿ ಹಾಗೇ ಬಿಡಬೇಕಂತೆ ಎಂದೂ ಹೇಳಿದರು. ಆದರೆ ನಮ್ಮ ಕಡೆ ಉಳುಕಿಗೆ ಒಂದು ಪದ್ಧತಿ ಇದೆ. ಹರಳೆಣ್ಣೆ ಹಚ್ಚಿ, ಎಕ್ಕದ ಎಲೆಯನ್ನು ಹೆಂಚಿನ ಮೇಲೆ ಬಾಡಿಸಿ ಬಿಸಿಬಿಸಿಯಾಗಿ ಇಟ್ಟು, ಹಳೇ ಧೋತರದ ಪಟ್ಟಿಯಿಂದ ಬಿಗಿದು ಕಟ್ಟುವುದು. ಅತ್ತೆಗೆ ಮುಲಾಮೂ ಒಂದು ಎಣ್ಣೆಯೇ. ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ಟ್ಯೂಬು ಹಿಂಡಿ ಮೆತ್ತಿಕೊಂಡು, ಮೇಲೆ ಕಾದ ಎಲೆ ಕಟ್ಟಿ ಕೂತಿದ್ದರು. ಮನೆಯೆಲ್ಲ ಘಾಟು.

"ಏನ್ರಿ ಅತ್ತಿ ಇದು? ಮೊದ್ಲು ಬಿಚ್ರಿ!"

"ಸುಮ್ಕಿರು. ಕಾವು ಕೊಟ್ರ ಔಷಧ ಒಳಗ ಇಳಿತೈತಿ."

"ಉರಿಯಾಕತ್ತಿಲ್ಲೇನು?"

"ಎಳ್ಳಷ್ಟೂ ಇಲ್ಲ. ತಣ್ಣಗ ಐತಿ."

ಹೆಂಚಿನಿಂದ ಆಗತಾನೆ ತೆಗೆದ ಎಲೆ ತಣ್ಣಗಿರುವುದೆಂದರೇನು? ಬೈಸಿಕೊಳ್ಳುತ್ತಲೇ ಪಟ್ಟಿ ಬಿಚ್ಚಿದೆ. ಕಾಲ ಹರಡಿನ ಗಂಟಿನ ಸುತ್ತ ಗುಳ್ಳೆಗಳೆದ್ದಿದ್ದವು. ಒಂದು ಕಡೆ ಚರ್ಮ ಎಲೆಯ ಜೊತೆಗೇ ಕಿತ್ತು ಬಂತು. ಅತ್ತೆ ಹಾ ಎನ್ನಲಿಲ್ಲ, ಹೂ ಎನ್ನಲಿಲ್ಲ. ಪಾದಕ್ಕೆ ಜೋಮು ಹಿಡಿದು ಎಷ್ಟು ಕಾಲವಾಗಿತ್ತೋ, ನಮಗ್ಯಾರಿಗೂ ಹೇಳಿರಲಿಲ್ಲ.

ಆಗಲೇ ಅವರನ್ನು ಬಳ್ಳಾರಿ ಬಸ್ಸು ಹತ್ತಿಸಿದೆ. ಕೊಳಗಲ್ಲು ದಾಟಿದ ಮೇಲೆ ಕಿಟಕಿ ಕಡೆ ಮುಖ ಮಾಡಿ ಹೇಳಿದರು: "ಸಿರುಗುಪ್ಪದಾಗ ನಮ್ಮಕ್ಕಗ ಹಿಂಗ ಗುಳ್ಳಿ ಎದ್ದು, ಮೊಣಕಾಲತನ ಕಡದ್ರು. ನನಗೂ ಕಡೀತಾರೇನ?"

ಅಲ್ಲಿಯವರೆಗೆ ಬಾಯಿ ತುಂಬ ಬೈಯಬೇಕೆಂದು ಕಾದಿದ್ದವಳು ಬೈಯುವುದನ್ನೇ ಮರೆತೆ. "ಬಿಡ್ತು ಅನ್ರಿ ಅತ್ತಿ" ಎಂದೆ. ನನಗೂ ಭಯವಾಗಿತ್ತು.

ಬಳ್ಳಾರಿಯ ಡಾಕ್ಟರು ಕಾಲು ನೋಡಿದವರೇ ನನ್ನ ಮೇಲೆ ರೇಗಿದರು. "ಈ ಮುಲಾಮು ಹಚ್ಚಿದ ಮ್ಯಾಲೆ ಕಾವು ಕೊಡಬಾರದು, ಬಿಗಿದು ಕಟ್ಟಬಾರದು. ಚರ್ಮಾನೇ ಸುಟ್ಟುಬಿಡ್ತದ. ಸಕ್ಕರಿ ಇದ್ದೋರಿಗೆ ಸುಟ್ಟಿದ್ದೂ ತಿಳಿಯಂಗಿಲ್ಲ." ತೊಳೆದು ಪಟ್ಟಿ ಕಟ್ಟಿದರು. ಮುಲಾಮು ಮುಟ್ಟಿದ ನನ್ನ ಕೈಯನ್ನೂ ಸೋಪು ಹಾಕಿ ತೊಳೆಸಿದರು, ಕಣ್ಣಿಗೆ ತಾಗೀತೆಂದು.

ಪಟ್ಟಿ ಬದಲಿಸಲು ಮತ್ತೆ ಮತ್ತೆ ಹೋದೆವು. ಒಂದು ಸಲ ಬಿಚ್ಚಿದಾಗ ಗಾಯದ ನಡುವೆ ಕಪ್ಪು ಕಟ್ಟಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಮ್ಯಾಲಿನ ಚರ್ಮ ಅಷ್ಟ ಸತ್ತಿದ್ರ ಚಿಂತಿಲ್ಲ. ಒಳಗಿನ ಮಾಂಸನೂ ಸತ್ತಿದ್ರ ಕಾಲು ಉಳಿಸೋದು ಕಷ್ಟಮ್ಮ." ಮೆಲ್ಲಗೇ ಹೇಳಿದ್ದರು. ತಿರುಗಿ ನೋಡಿದರೆ ಅತ್ತೆಗೆ ಎಲ್ಲ ಕೇಳಿಸಿತ್ತು.

ಡಾಕ್ಟರು ಇಕ್ಕಳದಿಂದ ಕಪ್ಪನ್ನು ಎತ್ತಿ ತೆಗೆದು, ಕೆಳಗಿನ ಮಾಂಸಕ್ಕೆ ಸೂಜಿ ಚುಚ್ಚಿದರು. "ತಿಳೀತದೇನಮ್ಮ?"

ಅತ್ತೆ ತಲೆಯಾಡಿಸಿದರು. ಇಲ್ಲ.

ಪಕ್ಕಕ್ಕೆ ಚುಚ್ಚಿದರು. ಅಲ್ಲಿಯೂ ಇಲ್ಲ. ಅತ್ತೆಯ ಬೆರಳುಗಳು ನನ್ನ ಮುಂಗೈಯಲ್ಲಿ ನಾಟಿಕೊಂಡಿದ್ದವು. ನಾನು ಮನೆದೇವರಿಗೆ ಏನೇನು ಹರಕೆ ಹೊತ್ತೆನೋ, ಒಂದೂ ನೆನಪಿಲ್ಲ. ಡಾಕ್ಟರು ಇನ್ನಷ್ಟು ಒಳಗೆ ಒತ್ತಿದರು.

"ಅಯ್ಯಯ್ಯೋ, ಸತ್ನೆಪ್ಪೋ! ನಿನ್ನ ಕೈ ಸೇದ್ಹೋಗ!"

ಡಾಕ್ಟರು ಸೂಜಿ ಕೆಳಗಿಟ್ಟು ನಕ್ಕೇಬಿಟ್ಟರು. ಅತ್ತೆ ಅಳುತ್ತಾ ನನ್ನ ಕೊರಳಿಗೆ ಜೋತುಬಿದ್ದರು. ಮದುವೆಯಾಗಿ ಬಂದ ಮೇಲೆ ಅವರು ನನ್ನನ್ನು ಅಪ್ಪಿಕೊಂಡದ್ದು ಅದೇ ಮೊದಲು.

"ನೋವಾಕ್ಕೈತಿ ಬೇ" ಎಂದರು. "ಯವ್ವಾ, ಬಾಳ ನೋವಾಕ್ಕೈತಿ!"