ಹಿಂಗೈ ಮನೆತನ

ದರ್ಜಿಯಕ್ಕನಿಗೆ ಎಡಗಿವಿ ಕೇಳಿಸುವುದಿಲ್ಲ. ಹಳೆಯ ಗಿರಾಕಿಗಳಿಗೆ ಇದು ಗೊತ್ತು, ಅಳತೆ ಕೊಡುವಾಗ ಅವಳ ಬಲಕ್ಕೆ ಬಂದು ನಿಲ್ಲುತ್ತಾರೆ. ಹೊಸಬರು ಎಡಕ್ಕೆ ನಿಂತು ಮಾತಾಡಿದರೆ, "ಆ ಕಡೆ ಬಾಗಿಲು ಹಾಕಿದೆ, ಈ ಕಡೆಯಿಂದ ಬನ್ನಿ" ಎನ್ನುತ್ತಾಳೆ. ಅವರು ನಗುತ್ತಾರೆ.

ಆ ಬಾಗಿಲು ಹಾಕಿದ್ದು ಅವಳ ಅಪ್ಪ. ಆಗಿನ್ನೂ ಅವಳಿಗೆ ಮದುವೆಯಾಗಿರಲಿಲ್ಲ. ಬಡಿಸುವುದು ತಡವಾಯಿತೆಂದು ಕೂತಲ್ಲಿಂದಲೇ ಒಂದು ಬೀಸಿದ್ದ. ಅವನು ಅಂಗೈಯಲ್ಲಿ ಹೊಡೆದವನಲ್ಲ. ಬಲಗೈಯನ್ನು ಎಡಭುಜದ ಮೇಲಕ್ಕೊಯ್ದು, ಅಲ್ಲಿಂದ ಹಿಂಗೈ ಮುಂದಾಗಿ ಬೀಸುತ್ತಿದ್ದ. ಬೆರಳಿನ ಗಂಟುಗಳು ಮೊದಲು ತಾಕುತ್ತಿದ್ದವು. ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯಿತು. ಆಸ್ಪತ್ರೆಯಲ್ಲಿ ಅಮ್ಮ, "ಮೆಟ್ಟಿಲಿಂದ ಬಿದ್ಲು ಡಾಕ್ಟ್ರೇ" ಎಂದಳು. ಡಾಕ್ಟರು ಹುಡುಗಿಯ ಮುಖ ನೋಡಿದರು. ಹುಡುಗಿಯೂ, "ಹೌದು, ಬಿದ್ದೆ" ಎಂದಳು.

ಮಗ ಅಂಬೆಗಾಲಿಡುವಾಗಲೇ ಗಂಡ ಲಾರಿಯಡಿ ಸಿಕ್ಕಿ ಸತ್ತ. ಹೊಡೆಯದ ಗಂಡ ಅವನು, ಆದರೆ ಮಗನಿಗೆ ಅವನ ಮುಖವೇ ನೆನಪಿಲ್ಲ. ಕೂಸನ್ನೆತ್ತಿಕೊಂಡು ಅವಳು ತವರಿಗೆ ಬಂದಳು, ಅಪ್ಪನ ಕೈ ಅಲ್ಲೇ ಕಾದಿತ್ತು. ಮೊದಮೊದಲು ಅಮ್ಮನಿಗೆ ಏಟು ಬಿದ್ದಾಗ ಮಗ ಕಪಾಟಿನ ಹಿಂದೆ ಅವಿತುಕೊಳ್ಳುತ್ತಿದ್ದ. ಆಮೇಲೆ ಅವಿತುಕೊಳ್ಳುವುದನ್ನು ಬಿಟ್ಟ. ನಿಂತು ನೋಡಲು ಕಲಿತ.

ಈಗ ಅವನು ಕಾರಿನ ಟಿಂಕರ್. ಗುದ್ದಿಸಿಕೊಂಡು ಬಂದ ಗಾಡಿಗಳ ತಗಡನ್ನು ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡುತ್ತಾನೆ. ಬೀದಿಯವರು ಬೆನ್ನ ಹಿಂದೆ, "ಅಂಗಡೀಲಿ ನೆಗ್ಗು ತೆಗೀತಾನೆ, ಮನೇಲಿ ನೆಗ್ಗು ಹಾಕ್ತಾನೆ" ಎಂದು ಆಡಿಕೊಳ್ಳುತ್ತಾರೆ. ಮದುವೆಯಾದ ವರ್ಷದಿಂದ ಸೊಸೆಯ ರವಿಕೆಗಳ ತೋಳು ಉದ್ದವಾಗುತ್ತ ಹೋಯಿತು. ಮೊದಲು ಮೊಣಕೈವರೆಗೆ, ಆಮೇಲೆ ಮಣಿಕಟ್ಟಿನವರೆಗೆ. ಹೊಲಿದುಕೊಟ್ಟವಳು ಅತ್ತೆಯೇ. ಯಾಕೆಂದು ಅವಳು ಕೇಳಲಿಲ್ಲ, ಸೊಸೆ ಹೇಳಲಿಲ್ಲ.

ಒಂದು ಮಧ್ಯಾಹ್ನ ಮೊಮ್ಮಗಳು ಪುಟ್ಟಿ ಹೊಲಿಗೆ ಅಂಗಡಿಯಲ್ಲಿ ಆಡುತ್ತಿದ್ದಳು. ಮೂಲೆಯಲ್ಲಿ ರವಿಕೆ ತೊಡಿಸಿಡುವ ಗೊಂಬೆಯಿದೆ. ತಲೆಯಿಲ್ಲ, ಕೈಯಿಲ್ಲ, ಬರೀ ಮುಂಡ. ಪುಟ್ಟಿ ಸ್ಟೂಲು ಹತ್ತಿ ಅದರ ಎದುರು ನಿಂತಳು. "ಎದುರು ಮಾತಾಡ್ತೀಯೇನೇ?" ಎಂದಳು. ಪುಟ್ಟ ಬಲಗೈ ಎಡಭುಜದ ಮೇಲಕ್ಕೆ ಹೋಯಿತು, ಹಿಂಗೈ ಬೀಸಿ ಬಂತು. ಗೊಂಬೆ ಉರುಳಿತು.

ದರ್ಜಿಯಕ್ಕನ ಕಾಲು ಮೆಷಿನ್ನಿನ ಪೆಡಲಿನ ಮೇಲೆಯೇ ನಿಂತಿತು. ಸತ್ತುಹೋದ ಅಪ್ಪ ಆ ಮಗುವಿನ ಭುಜದಲ್ಲಿ ಎದ್ದು ಬಂದದ್ದನ್ನು ಅವಳು ಕಂಡಳು.

ಮುಂದಿನ ಭಾನುವಾರ ಅವಳು ವಂಶವೃಕ್ಷ ಸಂಘದ ಮೆಟ್ಟಿಲು ಹತ್ತಿದಳು.

ಸಂಘವೆಂದರೆ ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆ. ಗೋಡೆ ತುಂಬ ಕುಟುಂಬಗಳ ಚಾರ್ಟುಗಳು, ನಡುವೆ ಒಂದು ಮರದ ಮೇಜು, ಮಡಚುವ ಕುರ್ಚಿಗಳು. ಅಧ್ಯಕ್ಷರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಕೊಂಬೆಗಳನ್ನು ಎಷ್ಟು ಮುದ್ದಾಗಿ ಬರೆಯುತ್ತಾರೆಂದರೆ ಯಾರ ವಂಶವಾದರೂ ಅಲ್ಲಿ ತೋಟದಂತೆ ಕಾಣುತ್ತದೆ. ಊರೂರಿನ ಹಳೇ ವಿಳಾಸ ಹುಡುಕಿಕೊಡುವುದು ಅಂಚೆಯಣ್ಣ. ಕೆಲಸದಲ್ಲಿದ್ದಾಗ ನಾಯಿ ಕಚ್ಚಿದ ಮನೆಗಳನ್ನು ಮಾತ್ರ ಮರೆತಿಲ್ಲ ಎನ್ನುತ್ತಾನೆ, ಅವನ ಲೆಕ್ಕದಲ್ಲಿ ಊರೆಲ್ಲ ಅಂಥ ಮನೆಗಳೇ.

"ಏನು ಹುಡುಕ್ಬೇಕಮ್ಮಾ? ಆಸ್ತಿ ವಿಷಯ ಆದ್ರೆ ವಕೀಲರ ಹತ್ರ ಹೋಗಿ" ಎಂದರು ಮೇಷ್ಟ್ರು.

"ನಮ್ಮ ಮನೇಲಿ ಅಪ್ಪನಿಂದ ಮಕ್ಕಳಿಗೆ ಬಂದಿರೋ ಆಸ್ತಿ ಹಿಂಗೈ ಒಂದೇ ಮೇಷ್ಟ್ರೇ. ನಮ್ಮಪ್ಪನ ವಂಶದಲ್ಲಿ ಹೊಡೆಯದೇ ಇದ್ದ ಗಂಡಸು ಒಬ್ಬ ಇದ್ನಾ ಅಂತ ಹುಡುಕಿಕೊಡಿ. ಒಬ್ಬ ಸಾಕು. ಇದು ರಕ್ತದಲ್ಲಿ ಬಂದಿದ್ದಲ್ಲ ಕಣೋ ಅಂತ ನನ್ನ ಮಗನಿಗೆ ತೋರಿಸ್ಬೇಕು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅಂಥ ಬೇಡಿಕೆ ಯಾರೂ ಇಟ್ಟಿರಲಿಲ್ಲ. ಸಂಘಕ್ಕೆ ಬರುವವರಿಗೆ ಪೂರ್ವಿಕರಲ್ಲಿ ಒಬ್ಬ ಪೈಲ್ವಾನನೋ ಪಂಡಿತನೋ ಸಿಕ್ಕರೆ ತೃಪ್ತಿ.

ಹುಡುಕಾಟ ತಿಂಗಳುಗಟ್ಟಲೆ ನಡೆಯಿತು. ಅಂಚೆಯಣ್ಣ ಮುದುಕರನ್ನು ಮಾತಾಡಿಸಿ ಬಂದ, ಮೇಷ್ಟ್ರು ಬರೆದುಕೊಂಡರು. ಅವರದೊಂದು ಅಭ್ಯಾಸವಿತ್ತು. ಸತ್ತವರ ಬಗ್ಗೆ ಕೆಟ್ಟದ್ದು ಬಂದರೆ ಪೆನ್ಸಿಲ್ಲು ತಾನಾಗಿಯೇ ಮೆತ್ತಗಾಗುತ್ತಿತ್ತು. ಹೆಂಡತಿಯನ್ನು ಕಂಬಕ್ಕೆ ಕಟ್ಟಿ ಹೊಡೆದ ಮುತ್ತಜ್ಜ ಚಾರ್ಟಿನಲ್ಲಿ "ಖಡಕ್ ಮನುಷ್ಯ" ಆದ. ತಮ್ಮನ ಹಲ್ಲು ಉದುರಿಸಿದ ಅಜ್ಜ "ಮುಂಗೋಪಿ, ಆದರೆ ಹೃದಯವಂತ" ಆದ. ದರ್ಜಿಯಕ್ಕನ ಅಪ್ಪ "ಶಿಸ್ತಿನ ಮನುಷ್ಯ" ಆದ.

ಕೊನೆಗೊಂದು ಭಾನುವಾರ ಮೇಷ್ಟ್ರು ಬಾಗಿಲಲ್ಲೇ ಕಾದು ನಿಂತಿದ್ದರು. "ಸಿಕ್ಕಿದ್ರು ಅಕ್ಕಾ! ನಿಮ್ಮ ಅಜ್ಜನ ಅಣ್ಣ. ನಿಮಗೆ ದೊಡ್ಡಜ್ಜ. ಮುಪ್ಪಿನವರೆಗೂ ಒಂದು ಇರುವೆಗೂ ಹೊಡೆದವರಲ್ಲ ಅಂತ ಮೂರು ಮನೆಯವರು ಹೇಳಿದಾರೆ. ಅವರ ಮಗಳು ಇನ್ನೂ ಬದುಕಿದಾರೆ."

ದರ್ಜಿಯಕ್ಕ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಆ ಮಗಳು ಅಪ್ಪನ ಕಡೆಯ ಸಂಬಂಧ, ಅತ್ತೆಯಾಗಬೇಕು. ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿದ್ದಳು. ಅಂಚೆಯಣ್ಣ ದರ್ಜಿಯಕ್ಕನನ್ನು ಅಲ್ಲಿಗೆ ಕರೆದೊಯ್ದ. ಗಿರಣಿ ತಿರುಗುತ್ತಿದ್ದರಿಂದ ಕೂಗಿಯೇ ಮಾತಾಡಬೇಕಿತ್ತು. ಮುದುಕಿಯ ಹುಬ್ಬು, ರೆಪ್ಪೆ, ಮಂಚದ ಕಾಲು ಎಲ್ಲದರ ಮೇಲೂ ಹಿಟ್ಟು ಕೂತಿತ್ತು.

"ಯಾರಿಗೂ ಹೊಡೀತಿರಲಿಲ್ವಂತೆ ನಿಮ್ಮಪ್ಪ, ಹೌದಾ ಅತ್ತೆ?"

ಮುದುಕಿ ನಕ್ಕಳು. ಹಲ್ಲಿಲ್ಲದ, ಒಳಗಿಂದ ಕುಲುಕುವ ನಗು. "ಯಾವುದರಲ್ಲಿ ಹೊಡೀತಾನೆ? ಬಲಗೈ ಇರಲಿಲ್ಲ ಅವನಿಗೆ. ನಮ್ಮವ್ವ ಕಡಿದು ಹಾಕಿದ್ಲು."

ದರ್ಜಿಯಕ್ಕ ಬಲಗಿವಿಯನ್ನು ಹತ್ತಿರ ತಂದಳು. ಅತ್ತೆ ಅದರೊಳಗೆ ಕೂಗಿ ಕೂಗಿ ಹೇಳಿದಳು. ಮೊದಲು ಅವಳಿಗೊಬ್ಬ ಅಣ್ಣನಿದ್ದ, ಆಗಷ್ಟೇ ನಿಲ್ಲಲು ಕಲಿತವನು. ರಾತ್ರಿಯೆಲ್ಲ ಅತ್ತನೆಂದು ಅಪ್ಪ ಅವನನ್ನು ಕಾಲು ಹಿಡಿದೆತ್ತಿ ಗೋಡೆಗೆ ಬಡಿದ. ಮಗು ಮತ್ತೆ ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅವನು ಕುಡಿದು ಹೊಸ್ತಿಲಿಗೆ ಅಡ್ಡ ಮಲಗಿದ. ಅವ್ವ ಸೌದೆ ಒಡೆಯುವ ಕೊಡಲಿ ತಂದು, ಮಣಿಕಟ್ಟನ್ನು ಹೊಸ್ತಿಲ ಮೇಲಿಟ್ಟು, ಒಂದೇ ಏಟು. ಕಾಯಿಸಿದ ಸೌಟಿನಿಂದ ಸುಟ್ಟು ರಕ್ತ ನಿಲ್ಲಿಸಿದವಳೂ ಅವಳೇ.

"ಆಮೇಲೆ?"

"ಆಮೇಲೇನು? ಅವನು ಸಾಯೋವರೆಗೂ ತುತ್ತು ಕಲಸಿ ತಿನ್ನಿಸಿದ್ಲು. ಅವನೂ ತೆಪ್ಪಗೆ ತಿಂದ. ಎಡಗೈ ಇತ್ತಲ್ಲ, ಅದನ್ನೂ ಎತ್ತಲಿಲ್ಲ ನೋಡು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಂಚೆಯಣ್ಣ ಒಂದೂ ತಮಾಷೆ ಮಾಡಲಿಲ್ಲ.

ಸಂಘದಲ್ಲಿ ಒಂದು ಪದ್ಧತಿಯಿದೆ. ಚಾರ್ಟು ಮುಗಿದ ಮೇಲೆ ಇಡೀ ಮನೆಯವರು ಬಂದು ಮೇಜಿನ ಸುತ್ತ ಕೂರಬೇಕು. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಹೆಸರು ಓದುತ್ತಾರೆ. ಪ್ರತಿ ಹೆಸರಿಗೂ ಮನೆಯವರು "ನಮ್ಮವರು" ಎನ್ನಬೇಕು. ಒಬ್ಬರು ಅಂದರೂ ಸಾಕು, ಮೇಷ್ಟ್ರು ಪೆನ್ಸಿಲ್ಲಿನ ಹೆಸರನ್ನು ಶಾಯಿಯಲ್ಲಿ ತಿದ್ದುತ್ತಾರೆ. ಯಾರೂ ಅನ್ನದಿದ್ದರೆ ರಬ್ಬರು ಹಾಕುತ್ತಾರೆ.

"ಕೈ ಅಪಘಾತದಲ್ಲಿ ಹೋಯ್ತು ಅಂತ ಬರೀತೀನಿ ಅಕ್ಕಾ. ಮಗು ಬರುತ್ತೆ, ನಾಲ್ಕು ಜನ ಕೂತಿರ್ತಾರೆ. ಸತ್ತವರ ಮರ್ಯಾದೆ ಅಂತ ಒಂದಿದೆ" ಎಂದರು ಮೇಷ್ಟ್ರು.

"ನಮ್ಮ ಸೊಸೆ ತೋಳು ಮಡಚಿದ್ರೆ ಏನು ಕಾಣುತ್ತೆ ಗೊತ್ತಾ ನಿಮಗೆ? ಬಿಡಿ, ನಾನೇ ಓದ್ತೀನಿ."

ಮಗ ಖುಷಿಯಿಂದಲೇ ಬಂದಿದ್ದ, ಇಸ್ತ್ರಿ ಶರ್ಟು ಹಾಕಿಕೊಂಡು. ಮುತ್ತಜ್ಜ ಪೈಲ್ವಾನ ಎಂದು ಯಾರೋ ಹೇಳಿದ್ದರಂತೆ. ಸೊಸೆ ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನ ಬಲಕ್ಕೆ ಕೂತಳು. ಚಾರ್ಟಿನ ಅಂಚು ಕತ್ತರಿಸಲು ತಂದಿದ್ದ ದರ್ಜಿಯಕ್ಕನ ದೊಡ್ಡ ಕಬ್ಬಿಣದ ಕತ್ತರಿ ಮೇಜಿನ ಮೇಲೇ ಇತ್ತು.

ಅವಳು ಅಪ್ಪನ ಹೆಸರು ಓದಿದಳು. "ಮೇಷ್ಟ್ರು ಬರೆದಿರೋದು ಶಿಸ್ತಿನ ಮನುಷ್ಯ. ನಾನು ಹೇಳ್ತಿರೋದು, ನನ್ನ ಕಿವಿ ಒಡೆದವನು."

"ಅಮ್ಮಾ, ಅವೆಲ್ಲ ಇಲ್ಲಿ ಯಾಕೆ?" ಮಗ ಸುತ್ತ ನೋಡಿ ನಕ್ಕ.

"ನಮ್ಮವರು ಅನ್ನು."

"ಸರಿ. ನಮ್ಮವರು."

ಅಜ್ಜ, ಮುತ್ತಜ್ಜ, ಎಲ್ಲರಿಗೂ ಅವನೇ ಜೋರಾಗಿ ನಮ್ಮವರು ಅಂದ. ಕಂಬದ ಕತೆಗೂ ಅಂದ. ದೊಡ್ಡಜ್ಜನ ಸರದಿ ಬಂತು. ದರ್ಜಿಯಕ್ಕ ಗೋಡೆಯ ಮಾತು ಹೇಳುವ ಮೊದಲು ಪುಟ್ಟಿಯ ಎರಡೂ ಕಿವಿಯನ್ನು ಕೈಯಿಂದ ಮುಚ್ಚಿದಳು. ಆಮೇಲೆ ಕೈ ತೆಗೆದು ಕೊಡಲಿಯ ಮಾತು ಹೇಳಿದಳು. ಕೊನೆಯಲ್ಲಿ ಆ ಕೊಡಲಿ ಎತ್ತಿದ ದೊಡ್ಡಜ್ಜಿಯ ಹೆಸರು ಓದಿ ನಿಂತಳು.

ಕೆಳಗಿನ ಅಂಗಡಿಯ ಗಡಿಯಾರಗಳು ಒಂದರ ಹಿಂದೊಂದು ಬಡಿಯತೊಡಗಿದವು.

"ಥೂ, ಅವಳ್ಯಾವಳೋ ಕಟುಕಿ. ಅಳಿಸಿಹಾಕಿ ಮೇಷ್ಟ್ರೇ" ಎಂದ ಮಗ.

ಮೇಷ್ಟ್ರ ಕೈ ರಬ್ಬರಿನ ಕಡೆ ಹೋಯಿತು.

"ನಮ್ಮವರು" ಎಂದಳು ಸೊಸೆ.

ಮೆಲ್ಲಗೆ ಅಂದಳು, ಆದರೆ ಎಲ್ಲರಿಗೂ ಕೇಳಿಸಿತು. ದರ್ಜಿಯಕ್ಕನ ಎಡಗಿವಿಗೂ ಕೇಳಿಸಿತೇನೋ.

ಮಗನ ಬಲಗೈ ಎಡಭುಜದ ಮೇಲಕ್ಕೆ ಹೋದದ್ದು ಮೇಜಿನ ಸುತ್ತ ಇದ್ದವರಿಗೆಲ್ಲ ಕಂಡಿತು. ಯಾರೂ ಏಳಲಿಲ್ಲ. ಹಿಂಗೈ ಸೊಸೆಯ ಬಾಯಿಗೆ ಅಪ್ಪಳಿಸಿತು. ಕುರ್ಚಿ ಮಡಚಿಕೊಂಡು ತಾಯಿ ಮಗು ಇಬ್ಬರೂ ನೆಲಕ್ಕೆ ಬಿದ್ದರು, ತುಟಿ ಸೀಳಿ ರಕ್ತ ಪುಟ್ಟಿಯ ತಲೆಗೂದಲ ಮೇಲೆ ಸುರಿಯಿತು. ಸಂಘದ ಸಭ್ಯ ಜನ ಗೋಡೆಯ ಮೇಲಿನ ತಮ್ಮ ತಮ್ಮ ಮರಗಳನ್ನು ನೋಡುತ್ತ ಕೂತರು.

"ಇದನ್ನ ಹರಿದು ಹಾಕ್ತೀನಿ ನೋಡು ಈಗ!" ಮಗ ಎದ್ದು ಚಾರ್ಟಿನ ಮೇಲೆ ಬಲಗೈ ಊರಿ ಹಿಂಡಿದ.

ದರ್ಜಿಯಕ್ಕ ಕತ್ತರಿಯನ್ನು ಮುಚ್ಚಿದಂತೆಯೇ ಎರಡೂ ಕೈಯಲ್ಲಿ ಹಿಡಿದು ಇಳಿಸಿದಳು. ದಪ್ಪ ಬಟ್ಟೆಯ ಎಂಟು ಪದರ ಕತ್ತರಿಸುವ ಕೈ ಅದು. ಮೊನೆ ಹಿಂಗೈಯೊಳಗೆ ಹೊಕ್ಕು, ಎಲುಬಿನ ಪಕ್ಕದಿಂದ ಜಾರಿ, ಅಂಗೈ ದಾಟಿ, ಕಾಗದ ದಾಟಿ ಮರಕ್ಕೆ ಕಚ್ಚಿಕೊಂಡಿತು. ಮಗ ಕೂಗಿದ ಕೂಗಿಗೆ ಕೆಳಗಿನ ಅಂಗಡಿಯವ ಮೇಲೆ ಓಡಿಬಂದ. ಮಗ ಎಡಗೈಯಿಂದ ತಾಯಿಯ ಕುತ್ತಿಗೆ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಕತ್ತರಿಯನ್ನು ಇನ್ನಷ್ಟು ಒತ್ತಿದಳು. ಹಿಡಿತ ಸಡಿಲಾಗುವವರೆಗೆ ಒತ್ತಿದಳು.

ಆಮೇಲೆ ಕಿತ್ತಳು. ಸೆರಗು ಹರಿದು ಆ ಕೈಗೆ ಬಿಗಿಯಾಗಿ ಸುತ್ತಿದಳು. "ನೋಯ್ತಾ ಕಂದಾ? ನೋಯ್ತಾ?" ಎಂದು ಕೇಳುತ್ತಲೇ ಇದ್ದಳು. ಚಿಕ್ಕವನಿದ್ದಾಗ ಸೂಜಿ ಚುಚ್ಚಿಸಿಕೊಂಡು ಬಂದರೆ ಕೇಳುತ್ತಿದ್ದ ಅದೇ ದನಿ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ ಡಾಕ್ಟರಮ್ಮ ಹೇಗಾಯ್ತೆಂದು ಅನುಮಾನದಿಂದ ಕೇಳಿದಳು. ಪಕ್ಕದಲ್ಲಿ ಒಬ್ಬ ಪೊಲೀಸೂ ನಿಂತಿದ್ದ. ದರ್ಜಿಯಕ್ಕ ಮುಂದೆ ಬಂದು, "ನಾನೇ ಚುಚ್ಚಿದ್ದು, ಬರ್ಕೊಳ್ಳಿ" ಎಂದಳು. ಆ ಮಾತನ್ನು ಅವಳು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದಳು.

"ಇಲ್ಲ" ಎಂದ ಮಗ. ಮುಖ ಬಿಳಿಚಿತ್ತು, ನೆಲ ನೋಡುತ್ತಿದ್ದ. "ಕೆಲಸ ಮಾಡೋವಾಗ ತಗಡು ಹೊಕ್ತು. ಅಮ್ಮನಿಗೆ ಗಾಬರಿ, ಏನೇನೋ ಹೇಳ್ತಾರೆ."

ಪೊಲೀಸು ಭುಜ ಕೊಡವಿ ಹೋದ. ತಾಯಿ ಮಗನನ್ನೇ ನೋಡಿದಳು. ಆ ಮನೆಯಲ್ಲಿ ಏಟು ತಿಂದವರು ಹೇಳುತ್ತ ಬಂದ ಸುಳ್ಳು ಅದು. ಅದನ್ನು ಒಬ್ಬ ಗಂಡಸಿನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು.

ಸೊಸೆ ಗಂಡನ ಮನೆಗೆ ಮರಳಲಿಲ್ಲ. ಪುಟ್ಟಿಯೊಡನೆ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಉಳಿದಳು, ಎರಡನೇ ಮೆಷಿನ್ನಿಗೆ ಕೂತಳು. ರವಿಕೆಗಳ ತೋಳನ್ನು ತಾನೇ ಮೊಣಕೈ ಮೇಲಕ್ಕೆ ಕತ್ತರಿಸಿಕೊಂಡಳು. ಮೇಷ್ಟ್ರು ಹೊಸ ಚಾರ್ಟು ಬರೆದುಕೊಡುತ್ತೇನೆಂದರು. ದರ್ಜಿಯಕ್ಕ ಬೇಡವೆಂದಳು. ತೂತು ಬಿದ್ದು ರಕ್ತ ಕಂದಿದ ಅದೇ ಹಾಳೆ ಈಗ ಸಂಘದ ಗೋಡೆಯ ಮೇಲಿದೆ, ದೊಡ್ಡಜ್ಜಿಯ ಹೆಸರು ಶಾಯಿಯಲ್ಲಿದೆ. "ಶಿಸ್ತಿನ ಮನುಷ್ಯ" ಎಂದಿದ್ದ ಕಡೆ ಮೇಷ್ಟ್ರೇ ಗೀಟು ಹಾಕಿದ್ದಾರೆ. ಅದರ ಬದಲು ಏನು ಬರೆಯಬೇಕೆಂದು ಅವರಿಗಿನ್ನೂ ತೋಚಿಲ್ಲ.

ಎರಡೂ ಕೈ ಇದ್ದೂ ಹೊಡೆಯದವನೊಬ್ಬ ಆ ಮರದಲ್ಲಿ ಸಿಗಲಿಲ್ಲ. ಹುಡುಕುವುದನ್ನು ದರ್ಜಿಯಕ್ಕ ಬಿಟ್ಟಳು.

ಮಗ ಒಂದು ಬೆಳಿಗ್ಗೆ ಬಂದು ಅಂಗಡಿಯ ಹೊಸ್ತಿಲ ಹೊರಗೆ ನಿಂತ. ಬಲಗೈಯ ಎರಡು ಬೆರಳು ಮಡಚುವುದಿಲ್ಲ, ಅದರಲ್ಲಿ ಸುತ್ತಿಗೆ ನಿಲ್ಲುವುದಿಲ್ಲ. ಶರ್ಟು ತೆರೆದೇ ಇತ್ತು.

"ಗುಂಡಿ ಹಾಕ್ಕೊಳ್ಳೋಕೆ ಆಗ್ತಿಲ್ಲ ಅಮ್ಮಾ."

ಸೊಸೆ ತಲೆಯೆತ್ತಲಿಲ್ಲ, ಮೆಷಿನ್ ತುಳಿಯುತ್ತಲೇ ಇದ್ದಳು. ದರ್ಜಿಯಕ್ಕ ಹೊಸ್ತಿಲಿಗೆ ಹೋಗಿ ಕೆಳಗಿನಿಂದ ಒಂದೊಂದೇ ಗುಂಡಿ ಹಾಕತೊಡಗಿದಳು. ಒಳಗೆ ಬಾ ಎನ್ನಲಿಲ್ಲ.

ಗೊಂಬೆಯ ಪಕ್ಕದಲ್ಲಿ ನಿಂತಿದ್ದ ಪುಟ್ಟಿ ಅಪ್ಪನ ಕೈಯನ್ನೂ ಗೊಂಬೆಯ ಭುಜವನ್ನೂ ಸರದಿಯಲ್ಲಿ ನೋಡಿದಳು.

"ಅಜ್ಜೀ, ಇದಕ್ಕೆ ಕೈ ಯಾಕಿಲ್ಲ? ಇದೂ ಹೊಡೀತಿತ್ತಾ?"

ಮೆಷಿನ್ ನಿಂತಿತು. ದರ್ಜಿಯಕ್ಕನ ಬೆರಳು ಗುಂಡಿಯ ಮೇಲೆ ನಿಂತಿತು.

"ಇಲ್ಲಮ್ಮ" ಎಂದ ಮಗ. "ಅದು ಹೊಡೀತಿರಲಿಲ್ಲ. ನಾನು ಹೊಡೀತಿದ್ದೆ."

ಪುಟ್ಟಿ ಗೊಂಬೆಯನ್ನು ಎಳೆದುಕೊಂಡು ಹೋಗಿ ಅಮ್ಮನ ಮೆಷಿನ್ನಿನ ಹಿಂದೆ ಇಟ್ಟಳು. ದರ್ಜಿಯಕ್ಕ ಕೊರಳ ಗುಂಡಿ ಹಾಕಿ ಮುಗಿಸಿದಳು. ಮಗ ಇನ್ನೂ ಹೊಸ್ತಿಲ ಹೊರಗೇ ನಿಂತಿದ್ದ. ಒಳಗೆ ಸೊಸೆ ಮತ್ತೆ ಮೆಷಿನ್ ತುಳಿಯತೊಡಗಿದಳು.