ದೊಡ್ಡ ಮಿಸ್ ವೇಷ

ಹೋದ ವಾರ ನಮ್ಮ ಮನೆಗೆ ಒಂದು ಬೆದರಿಕೆ ಬಂತು. ಎಲ್ಲರೆದುರು ಕ್ಷಮೆ ಕೇಳಿ, ಇಲ್ಲವೇ ಟಿ.ಸಿ. ತೆಗೆದುಕೊಂಡು ಹೋಗಿ.

ಬಂದಿದ್ದು ನನಗಲ್ಲ. (ನನಗೆ ಬರುವ ಬೆದರಿಕೆಗಳಿಗೆ ನಮ್ಮ ಮನೆಯವರು ಈಗ ಪೇಪರಿನಿಂದ ತಲೆ ಕೂಡ ಎತ್ತುವುದಿಲ್ಲ.) ಬಂದಿದ್ದು ನನ್ನ ಅಕ್ಕನ ಮಗಳು ಶಾಲಿನಿಗೆ. ಅವಳು ಮೂರನೇ ಕ್ಲಾಸು. ಮುಂದಿನ ಹಲ್ಲುಗಳು ಬಿದ್ದು ಹೊಸವು ಇನ್ನೂ ಬಂದಿಲ್ಲ. 'ಕ್ಷಮೆ' ಅನ್ನುವ ಪದ ಅವಳ ಬಾಯಿಂದ ಅರ್ಧ ಮಾತಾಗಿ, ಅರ್ಧ ಗಾಳಿಯಾಗಿ ಹೊರಡುತ್ತದೆ.

ಅಪರಾಧ ಏನು? ಮಕ್ಕಳ ದಿನಾಚರಣೆಯ ಫ್ಯಾನ್ಸಿ ಡ್ರೆಸ್‌ನಲ್ಲಿ ತನ್ನ ಹೆಡ್‌ಮಿಸ್ಟ್ರೆಸ್ ವೇಷ ಹಾಕಿದ್ದು. ಮಕ್ಕಳ ಬಾಯಲ್ಲಿ ಅವರು 'ದೊಡ್ಡ ಮಿಸ್'.

ನಿಮ್ಮಲ್ಲಿ ಕೆಲವರು ಈಗಾಗಲೇ ನನ್ನ ಕಡೆ ಬೆರಳು ತೋರಿಸುತ್ತಿದ್ದೀರಿ, ಗೊತ್ತು. ಆರ್ಕೆಸ್ಟ್ರಾದಲ್ಲಿ ಹಾಡುವವರು ನೀರು ಕುಡಿಯಲು ಹೋದಾಗ ಮೈಕ್ ಹಿಡಿದು ಪ್ರೆಶರ್ ಕುಕ್ಕರ್, ಸ್ಟಾರ್ಟ್ ಆಗದ ಸ್ಕೂಟರ್, ಬೀಗರ ಮುಂದೆ ಕೆಮ್ಮುವ ಮಾವ, ಎಲ್ಲರ ದನಿಯನ್ನೂ ತೆಗೆಯುವವನು ನಾನು. ಮನೆಯಲ್ಲಿ ಇಂಥ ಸೋದರಮಾವ ಇದ್ದ ಮೇಲೆ ಕಲಿಸಿದವರು ಇನ್ಯಾರು? ಸ್ಕೂಲಿನವರೂ ಹಾಗೇ ಅಂದರು. ಹಾಲಿನ ಬೂತಿನಲ್ಲೂ ಹಾಗೇ ಅಂದರು. ನನ್ನನ್ನು ಹೆತ್ತ ತಾಯಿಯೂ ಹಾಗೇ ಅಂದಳು.

ಸತ್ಯ ಹೇಳುತ್ತೇನೆ. ನಾನು ಕಲಿಸಲಿಲ್ಲ. ಕಲಿಸಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಕಥೆ ಮೊದಲಿಂದ ಕೇಳಿ. ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ ಮನೆಯನ್ನೇ ಸ್ಕೂಲು ಮಾಡಿಕೊಂಡ ಒಂದು ಸ್ಕೂಲು. ಹಾಲ್‌ನಲ್ಲಿ ಎರಡು ಕ್ಲಾಸು, ಮಹಡಿ ಮೇಲೆ ಶೀಟ್ ಹೊದಿಸಿ ಇನ್ನೆರಡು. ಹೋದ ವರ್ಷದ ಫ್ಯಾನ್ಸಿ ಡ್ರೆಸ್‌ಗೆ ಕೆಲವು ಗಂಡು ಹುಡುಗರು ಕೂಲಿಂಗ್ ಗ್ಲಾಸ್ ಹಾಕಿ, ಅಪ್ಪನ ಸಿಗರೇಟು ಬಾಯಲ್ಲಿಟ್ಟು ಸಿನಿಮಾ ವಿಲನ್‌ಗಳಾಗಿ ಬಂದಿದ್ದರು. ಅದಕ್ಕೇ ಈ ಸಲ ಪ್ರೇಯರ್‌ನಲ್ಲಿ ಮೊದಲೇ ಹೇಳಿಬಿಟ್ಟರು: ದೇವರು ಮತ್ತು ಮಹನೀಯರ ವೇಷ ಮಾತ್ರ.

ನಮ್ಮಕ್ಕ ಭಾರತಮಾತೆ ಎಂದು ತೀರ್ಮಾನ ಮಾಡಿದಳು. ಬಳೇಪೇಟೆಯ ನಾಟಕದ ಡ್ರೆಸ್ ಅಂಗಡಿಗೆ ನನ್ನನ್ನು ಓಡಿಸಿದಳು. ಅಂಗಡಿಯವನು ತಲೆ ಅಲ್ಲಾಡಿಸಿದ. "ಭಾರತಮಾತೆ ಎಲ್ಲಾ ಬುಕ್ ಆಗೋಗವ್ರೆ ಸಾರ್. ಒಬ್ಬ ಯಮ ಉಳ್ಕೊಂಡವ್ನೆ. ಕೋಣ ಬ್ಯಾಡ ಅಂದ್ರೆ ಬಾಡಿಗೇಲಿ ಸ್ವಲ್ಪ ಬಿಟ್ಕೊಡ್ತೀನಿ."

ಯಮನನ್ನು ಅಲ್ಲೇ ಬಿಟ್ಟು ಬಂದೆ. ಶಾಲಿನಿಗೆ ಏನೂ ಬೇಜಾರಾಗಲಿಲ್ಲ. ತನಗೆ ಬೇಕಾದ್ದೆಲ್ಲ ಮನೆಯಲ್ಲೇ ಇದೆ ಎಂದಳು. ನಮ್ಮಮ್ಮನ ವಾಯಿಲ್ ಸೀರೆ, ಕನ್ನಡಕ, ಬೀರುವಿನ ಬೀಗದ ಕೈ ಗೊಂಚಲು. ತಲೆಗೆ ಗಂಟು ಹಾಕಿಸಿಕೊಂಡಳು. ಯಾರೋ ಸ್ವಾತಂತ್ರ್ಯ ಹೋರಾಟಗಾರ್ತಿ ಇರಬೇಕು ಅಂದುಕೊಂಡು ಅಕ್ಕ ಸೀರೆಗೆ ಪಿನ್ನು ಚುಚ್ಚಿದಳು.

ಶಾಮಿಯಾನದ ಕೆಳಗೆ ನಾವೆಲ್ಲ ಕೂತಿದ್ದೆವು. ಕೋಟಿಗೆ ಗುಲಾಬಿ ಚುಚ್ಚಿಕೊಂಡ ಚಾಚಾಗಳು ಬಂದರು, ಹೋದರು. ಕತ್ತಿ ಹಿಡಿದ ರಾಣಿಯರು ಡೈಲಾಗ್ ಮರೆತು ಅಮ್ಮನ ಮುಖ ನೋಡಿದರು. ಕೃಷ್ಣಂದಿರಂತೂ ಒಂದು ಕ್ರಿಕೆಟ್ ಟೀಮಿಗೆ ಸಾಕಾಗುವಷ್ಟು. ಅದರಲ್ಲೊಬ್ಬ ಕೃಷ್ಣನಿಗೆ ಅವರಪ್ಪ ಬಣ್ಣ ಸಾಲದೆ ಬಟ್ಟೆಗೆ ಹಾಕುವ ನೀಲಿಯನ್ನೇ ಮೈಗೆಲ್ಲ ಬಳಿದಿದ್ದರು. (ಹುಡುಗನ ನೀಲಿ ಇನ್ನೂ ಪೂರ್ತಿ ಹೋಗಿಲ್ಲ. ಕಿವಿ ಹಿಂದೆ ಈಗಲೂ ದ್ವಾಪರಯುಗ ನಡೆಯುತ್ತಿದೆ.)

ಆಮೇಲೆ ಶಾಲಿನಿ ಬಂದಳು. ಮೈಕ್ ಮುಂದೆ ನಿಲ್ಲಲಿಲ್ಲ. ಸ್ಟೇಜಿನ ಒಂದು ತುದಿಯಲ್ಲಿ ನಿಂತು ಬೀಗದ ಕೈ ಗೊಂಚಲನ್ನು ಕಂಬಕ್ಕೆ ತಟ್ಟಿದಳು. ಟಣ್ ಟಣ್. ಕನ್ನಡಕದ ಮೇಲಿನಿಂದ ನೋಡಿದಳು. ಅಷ್ಟೇ. ಇನ್ನೂ ಬಾಯಿ ಬಿಟ್ಟಿಲ್ಲ, ಮುಂದೆ ಕೂತಿದ್ದ ಮಕ್ಕಳೆಲ್ಲ ಬೆನ್ನು ನೆಟ್ಟಗೆ ಮಾಡಿ ಬಾಯಿ ಮೇಲೆ ಬೆರಳಿಟ್ಟುಕೊಂಡರು. ಗುರು, ನಾನು ಸ್ಟೇಜ್ ಹತ್ತಿ ಇಷ್ಟು ವರ್ಷವಾಯಿತು, ಜನ ಬೆರಳಿಟ್ಟುಕೊಂಡಿದ್ದು ಕಿವಿಗೆ ಮಾತ್ರ.

ನಂತರ ಎದುರಿಗೆ ಇಲ್ಲದ ಒಂದು ಮಗುವಿನ ಜತೆ ಮಾತಾಡಿದಳು.

"ಯಾಕೆ ಲೇಟು? ನಲ್ಲೀಲಿ ನೀರು ಲೇಟಾಗಿ ಬಂತಾ? ಹೋಗು, ಆ ನೀರನ್ನೂ ಕರ್ಕೊಂಡು ಬಾ. ಇಬ್ಬರನ್ನೂ ಮಂಡಿ ಊರಿಸ್ತೀನಿ. ಗೇಟ್ ಹತ್ರ. ಬಿಸಿಲಲ್ಲಿ."

ಮಕ್ಕಳು ನಕ್ಕರು ನೋಡಿ! ಶಾಮಿಯಾನದ ಬಟ್ಟೆ ಹಾರಿಹೋಗಬೇಕು, ಹಾಗೆ. ನಾವು ದೊಡ್ಡವರೂ ನಕ್ಕೆವು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದೆವು. ಯಾಕೆಂದರೆ ಹೊಸಹಳ್ಳಿ ಕಡೆಯಿಂದ ಬರುವ ಮಕ್ಕಳ ತಾಯಂದಿರು ಹಿಂದಿನ ಸಾಲಲ್ಲಿ ಕೂತಿದ್ದರು. ಬೆಳಿಗ್ಗೆ ನಲ್ಲಿ ಮುಂದೆ ಬಿಂದಿಗೆ ಕಾಯುವುದು ಅವರ ಮಕ್ಕಳೇ. ಆ ತಾಯಂದಿರು ನಗಲಿಲ್ಲ. ಮಂಡಿ ಮೇಲಿನ ತರಚು ಎಲ್ಲಿಂದ ಬಂತು ಅಂತ ಮಗುವನ್ನು ಕೇಳಿದಾಗ 'ಬಿದ್ದೆ' ಅನ್ನುವ ಉತ್ತರ ಅವರಿಗೆ ಸಿಗುತ್ತಿತ್ತಂತೆ.

ಹೆಡ್‌ಮಿಸ್ಟ್ರೆಸ್ ಮೊದಲ ಸಾಲಿನಲ್ಲೇ ಇದ್ದರು. ಅವರ ಕೈಯಲ್ಲೂ ಬೀಗದ ಕೈ ಗೊಂಚಲಿತ್ತು. ಅದನ್ನು ಮೆಲ್ಲಗೆ ಬ್ಯಾಗಿನೊಳಗೆ ಹಾಕಿಕೊಂಡರು.

ಮಾರನೆಯ ದಿನ ಬುಲಾವ್ ಬಂತು. ಭಾವನಿಗೆ ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟ್. ಅಕ್ಕ ಆಫೀಸಿಗೆ ಅರ್ಧ ದಿನ ರಜ ಹಾಕಿ ಹೊರಟಳು. ಧೈರ್ಯಕ್ಕೆ ನನ್ನನ್ನು ಕರೆದುಕೊಂಡು ಹೋದಳು. (ಪಾಪ, ಬೇರೆ ಯಾರೂ ಸಿಗಲಿಲ್ಲ.) ರೂಮಿನಲ್ಲಿ ಹೆಡ್‌ಮಿಸ್ಟ್ರೆಸ್ ಮತ್ತು ಸ್ಕೂಲಿನ ಸೆಕ್ರೆಟರಿ ಇದ್ದರು. ಸೆಕ್ರೆಟರಿ ನನ್ನನ್ನು ಮೇಲಿಂದ ಕೆಳಗೆ ನೋಡಿ ನೀವ್ಯಾರು ಅಂದರು. ಸೋದರಮಾವ ಅಂದೆ.

"ಏನ್ ಕೆಲಸ ಮಾಡ್ಕೊಂಡಿದೀರಿ?"

"ಮಿಮಿಕ್ರಿ ಸಾರ್."

"ಅಂದ್ರೆ ಕೆಲಸ ಇಲ್ಲ."

ನಮ್ಮಪ್ಪನೂ ಇದೇ ಧಾಟಿಯಲ್ಲಿ ಹೇಳುತ್ತಾರೆ. ಆದ್ದರಿಂದ ನೋವಾಗಲಿಲ್ಲ. ವಿಷಯಕ್ಕೆ ಬಂದೆ. ದೇವರು ಮತ್ತು ಮಹನೀಯರು ಅಂತ ನೀವೇ ಹೇಳಿದ್ದಿರಿ ಸಾರ್. ಪ್ರತಿ ಫಂಕ್ಷನ್‌ನಲ್ಲೂ ಮೇಡಂ ಹೆಸರಿನ ಹಿಂದೆ ಇನ್ನೂ ದೊಡ್ಡ ದೊಡ್ಡ ವಿಶೇಷಣ ಸೇರಿಸಿ ಹಾರ ಹಾಕುತ್ತೀರಿ. ಮಗು ನಿಮ್ಮ ಮಾತನ್ನು ನಂಬಿತು. ಮೇಡಂ ಮಹನೀಯರಲ್ಲ ಅಂತ ನೀವು ಹೇಳಿದರೆ ಈಗಲೇ ಕ್ಷಮೆ ಕೇಳಿಸುತ್ತೇನೆ ಅಂದೆ.

ಸೆಕ್ರೆಟರಿ ಫ್ಯಾನು ನೋಡಿದರು. ಹೆಡ್‌ಮಿಸ್ಟ್ರೆಸ್ ನನ್ನ ಕಡೆ ನೋಡಲೇ ಇಲ್ಲ. ಅಕ್ಕನಿಗೆ ನಿಧಾನವಾಗಿ ಹೇಳಿದರು. "ಸೋಮವಾರ ಪ್ರೇಯರ್‌ನಲ್ಲಿ ಕ್ಷಮೆ ಕೇಳಲಿ. ಇಲ್ಲಾಂದ್ರೆ ಟಿ.ಸಿ. ರೆಡಿ ಇರುತ್ತೆ."

ಸೆಕ್ರೆಟರಿ ಅದಕ್ಕೊಂದು ಬಾಲ ಸೇರಿಸಿದರು. ಮುಂದಿನ ವರ್ಷದಿಂದ ಫ್ಯಾನ್ಸಿ ಡ್ರೆಸ್ಸೇ ಇಲ್ಲ. ಸ್ಕೂಲಿರುವುದು ಓದೋದಕ್ಕೆ, ವೇಷ ಕಟ್ಟೋದಕ್ಕಲ್ಲ. ಮಕ್ಕಳ ದಿನಾಚರಣೆಯ ದಿನ ಗಣ್ಯರಿಂದ ಭಾಷಣ ಇಡಿಸುತ್ತೇವೆ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಎಲಿಮೆಂಟರಿ ಸ್ಕೂಲಿನಲ್ಲಿ ಈ ವೇಷಗೀಷ ಬೇಕಾ ಅನ್ನುವವರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಬಾಡಿಗೆ ಕಿರೀಟ ಹಿಂದಿನ ಹತ್ತು ರಾಜರ ಬೆವರಿನಲ್ಲಿ ನಾರುತ್ತದೆ. ಮೀಸೆ ಅಂಟಿಸಿದ ಗೋಂದಿಗೆ ಮಗು ಅಳುತ್ತದೆ. ಪೈಪೋಟಿ ಮಕ್ಕಳದ್ದಲ್ಲ, ಅಮ್ಮಂದಿರದ್ದು. ಮಗನಿಗೆ ನೀಲಿ ಬಳಿದ ತಂದೆಯೇ ಈಗ ಫ್ಯಾನ್ಸಿ ಡ್ರೆಸ್ ನಿಲ್ಲಿಸಿ ಅಂತ ಮುಂದೆ ನಿಂತು ಕೂಗುತ್ತಿದ್ದಾರೆ. ಇರಲಿ. ಎಲ್ಲ ಒಪ್ಪಿದೆ.

ಆದರೂ ನಾನು ಹೇಳುವುದು, ಹಾಕಿಸಿ ವೇಷ. ವರ್ಷಕ್ಕೊಂದು ಸಲ ಅಲ್ಲ, ಸಾಧ್ಯವಾದರೆ ತಿಂಗಳಿಗೊಂದು ಸಲ ಹಾಕಿಸಿ. ಬಾಡಿಗೆ ಬಟ್ಟೆ ಬೇಡ, ಅಮ್ಮನ ಸೀರೆ ಸಾಕು, ಅಪ್ಪನ ಬೆಲ್ಟ್ ಸಾಕು. ಯಾವ ವೇಷ ಅಂತ ಮಗುವೇ ಹೇಳಲಿ. ವರ್ಷವೆಲ್ಲ ನಾವು ಹೇಳಿದ್ದನ್ನು ಅದು ಕೇಳುತ್ತದೆ. ಕೈ ಕಟ್ಟು, ಬಾಯಿ ಮುಚ್ಚು, ಸಾಲಲ್ಲಿ ನಿಲ್ಲು. ಎರಡು ನಿಮಿಷ ಅದು ದೊಡ್ಡದಾಗಿ, ನಾವು ಚಿಕ್ಕವರಾಗಿ ಕೂತರೆ ಏನು ಕಳೆದುಹೋಗುತ್ತದೆ? ಕೃಷ್ಣ ಸ್ಟೇಜಿನಲ್ಲಿ ಬೆಣ್ಣೆ ಕದ್ದರೆ ಮೊದಲ ಬಹುಮಾನ. ನಮ್ಮ ಶಾಲಿನಿ ಏನನ್ನೂ ಕದಿಯಲಿಲ್ಲ. ಕೇಳಿಸಿಕೊಂಡಿದ್ದನ್ನು ವಾಪಸ್ ಕೊಟ್ಟಳು. ಅದಕ್ಕೆ ಟಿ.ಸಿ.ನಾ?

ಈ ಭಾಷಣವನ್ನೆಲ್ಲ ಅವತ್ತು ಸಂಜೆ ಮನೆಯಲ್ಲಿ ಕೈ ಎತ್ತಿ ಎತ್ತಿ ಮಾಡಿದೆ. ಕ್ಷಮೆ ಕೇಳುವ ಪ್ರಶ್ನೆಯೇ ಇಲ್ಲ, ನೋಡೇಬಿಡೋಣ ಅಂದೆ. ಅಕ್ಕ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ನೋಡೇಬಿಡೋಣ ಅಂತೀಯ. ನವೆಂಬರ್‌ನಲ್ಲಿ ಯಾವ ಸ್ಕೂಲಲ್ಲಿ ಸೀಟು ಕೊಡ್ತಾರೋ? ನಾನು ಆಫೀಸಿಂದ ಬರೋದು ಆರೂವರೆಗೆ. ಈ ಸ್ಕೂಲು ಪಕ್ಕದಲ್ಲಿದೆ ಅಂತ ಅವಳು ನಡ್ಕೊಂಡು ಬರ್ತಾಳೆ. ನಿನ್ನ ರೋಷಕ್ಕೆ ನನ್ನ ಮಗಳು ಮನೇಲಿ ಕೂರಬೇಕಾ?"

ನನ್ನ ಬಳಿ ಎಲ್ಲರ ದನಿಯೂ ಇದೆ. ಇದಕ್ಕೆ ಉತ್ತರ ಹೇಳುವ ದನಿ ಮಾತ್ರ ಇರಲಿಲ್ಲ. ಎತ್ತಿದ್ದ ಕೈ ಇಳಿಸಿ, ಮೊರವನ್ನು ನನ್ನ ಕಡೆ ಎಳೆದುಕೊಂಡೆ.

ಶಾಲಿನಿ ಮೂಲೆಯಲ್ಲಿ ಕೂತು ಮಗ್ಗಿ ಬರೆಯುತ್ತಿದ್ದಳು. ತಲೆ ಎತ್ತದೆ ಅಂದಳು. "ನಾನು ಕೇಳ್ತೀನಿ ಅಮ್ಮ. ಹೇಗೆ ಕೇಳಬೇಕು ಅಂತ ನಂಗೊತ್ತು."

ಆ ಸ್ಕೂಲಿನಲ್ಲಿ ಕ್ಷಮೆ ಕೇಳುವುದಕ್ಕೂ ಒಂದು ಪದ್ಧತಿ ಇದೆಯಂತೆ. ಬರೀ 'ಸಾರಿ ಮಿಸ್' ನಡೆಯುವುದಿಲ್ಲ. ಪ್ರೇಯರ್ ಮುಗಿದ ಮೇಲೆ ಮುಂದೆ ಬಂದು ನಿಂತು, ಹೆಸರು ಹೇಳಿ, ಕ್ಲಾಸು ಹೇಳಿ, ಏನು ತಪ್ಪು ಮಾಡಿದೆ ಅನ್ನುವುದನ್ನು ಹಿಂದಿನ ಸಾಲಿಗೂ ಕೇಳುವಂತೆ ಹೇಳಬೇಕು. ಇನ್ನು ಮೇಲೆ ಮಾಡುವುದಿಲ್ಲ ಅಂತ ಮುಗಿಸಬೇಕು. ಹೋಂವರ್ಕ್ ಮಾಡದವರು, ಉಗುರು ಕತ್ತರಿಸದವರು ಎಲ್ಲರೂ ಹೀಗೇ ಹೇಳಿಕೊಂಡು ಬಂದವರು. ಹೆಡ್‌ಮಿಸ್ಟ್ರೆಸ್ ತಾವೇ ಮಾಡಿದ ಪದ್ಧತಿ. ತಪ್ಪಿನ ಹೆಸರು ಬಾಯಲ್ಲಿ ಬಂದರೆ ಮಾತ್ರ ಅದು ಮನಸ್ಸಿಗೆ ನಾಟುತ್ತದೆ ಅನ್ನುವುದು ಅವರ ನಂಬಿಕೆ.

ಸೋಮವಾರ ಅಕ್ಕ ಮತ್ತು ನಾನು ಕಾಂಪೌಂಡಿನ ಪಕ್ಕ ನಿಂತೆವು. ಹೊಸಹಳ್ಳಿಯ ಕೆಲವು ತಾಯಂದಿರೂ ಅವತ್ತು ಮಕ್ಕಳನ್ನು ಬಿಟ್ಟು ತಕ್ಷಣ ಹೊರಡಲಿಲ್ಲ. ಪ್ರೇಯರ್ ಮುಗಿಯಿತು. ಹೆಸರು ಕರೆದರು. ಯೂನಿಫಾರಂ ಹಾಕಿ, ಎರಡು ಜಡೆಗೆ ರಿಬ್ಬನ್ ಕಟ್ಟಿಕೊಂಡ ಶಾಲಿನಿ ಮುಂದೆ ಬಂದು ನಿಂತಳು. ಇವತ್ತು ವೇಷ ಏನೂ ಇಲ್ಲ. ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

"ನನ್ನ ಹೆಸರು ಶಾಲಿನಿ. ಮೂರನೇ ಕ್ಲಾಸು. ಲೇಟಾಗಿ ಬಂದ ಮಗು ಹತ್ರ ನಾನು ದೊಡ್ಡ ಮಿಸ್ ಥರ ಮಾತಾಡಿದೆ. ಅದು ತಪ್ಪು. ಇನ್ನು ಮೇಲೆ ಯಾರ ಹತ್ರಾನೂ ಹಾಗೆ ಮಾತಾಡಲ್ಲ. ಕ್ಷಮಿಸಿ."

ಯಾರೂ ನಗಲಿಲ್ಲ. ಶಾಲಿನಿ ಕಾಯುತ್ತಾ ನಿಂತಿದ್ದಳು. ಅವಳು ಬೇಕಂತಲೇ ಹಾಗೆ ಹೇಳಿದಳೋ, ಪದ್ಧತಿ ಪ್ರಕಾರ ಹೇಳಿದಳೋ, ನನಗೆ ಗೊತ್ತಿಲ್ಲ. ನಾನು ಕೇಳಲೂ ಇಲ್ಲ.

ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡರು. "ಹೂಂ. ಲೈನಿಗೆ ಹೋಗು" ಅಂದರು. ಟಿ.ಸಿ. ಮಾತು ಮತ್ತೆ ಬರಲಿಲ್ಲ. ಅಕ್ಕ ನನ್ನ ತೋಳು ಬಿಟ್ಟು ಬಸ್ ಸ್ಟಾಪಿನ ಕಡೆ ಓಡಿದಳು. ಫ್ಯಾನ್ಸಿ ಡ್ರೆಸ್ ರದ್ದಾಗಿದ್ದು ಮಾತ್ರ ರದ್ದಾದ ಹಾಗೇ ಇದೆ. ಮುಂದಿನ ವರ್ಷಕ್ಕೆ ಭಾಷಣ ಮಾಡುವ ಗಣ್ಯರನ್ನು ಸೆಕ್ರೆಟರಿ ಈಗಿಂದಲೇ ಹುಡುಕುತ್ತಿದ್ದಾರಂತೆ. (ಕೆಲಸ ಇಲ್ಲದವನು ಬೇಕಿದ್ದರೆ ನಾನಿದ್ದೇನೆ.)

ಮೇಡಂ, ನಿಮ್ಮಲ್ಲಿ ಒಂದೇ ಪ್ರಶ್ನೆ. ಲೇಟಾಗಿ ಬಂದ ಮಗುವಿನ ಹತ್ತಿರ ಹಾಗೆ ಮಾತಾಡುವುದು ತಪ್ಪು ಅಂತ ಇಡೀ ಸ್ಕೂಲಿನ ಮುಂದೆ ಹೇಳಿಸಿದ್ದು ನೀವೇ. ಈಗ ಅದನ್ನು ಬಿಡಬೇಕಾದವರು ಯಾರು?