ಸೋದರಮಾವನ ಸಂಬಂಧ ಬೇಡವೆಂದ ಅಂಜನಮ್ಮ

ಗಂಗಾನಗರದ ಬಸ್ ಸ್ಟಾಪಿನ ಹತ್ತಿರ ಅಂಜನಮ್ಮ ಹೂ ಮಾರುತ್ತಿದ್ದಳು. ಪಕ್ಕದಲ್ಲೇ ನನ್ನ ತೆಂಗಿನಕಾಯಿ ಗಾಡಿ. 2012ರ ಹೊತ್ತಿಗೆ ಅವಳ ಬೆರಳ ಕೀಲುಗಳು ಊದಿ ಸೊಟ್ಟಗಾದವು. ಮೊಣಕಾಲಿನವರೆಗಿನ ಕೂದಲು, ಹೆಣೆದುಕೊಳ್ಳಲು ಕೈಲಾಗದು. ದಿನಾ ಬೆಳಿಗ್ಗೆ ಮಗಳು ಹರ್ಷಿತಾಳೇ ಜಡೆ ಹಾಕಬೇಕು. ಗಂಡ ನರಸಯ್ಯನೋ, "ಗಂಡಸು ಜಡೆ ಹೆಣೀತಾನಾ?" ಅನ್ನುವ ಆಸಾಮಿ.

ಬಂದ ಗಿರಾಕಿಗಳೆಲ್ಲ, "ಬಿಸಿಲಲ್ಲಿ ಕೂತ್ಕೊಳ್ಳಮ್ಮಾ, ವಿಟಮಿನ್ ಡಿ ಬರುತ್ತೆ" ಅನ್ನುವವರೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. "ದಿನವಿಡೀ ರೋಡಲ್ಲೇ ಒಣಗ್ತಾಳಲ್ಲ ಸ್ವಾಮಿ, ಇನ್ನೆಲ್ಲಿ ಹೋಗಿ ಕೂತ್ಕೋಬೇಕು?" ಎಂದುಬಿಡುತ್ತಿದ್ದೆ.

ಕೊನೆಗೆ ನಾನೇ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೈಯನ್ನು ಕಾಯಬೇಕಾದ ಶಕ್ತಿಯೇ ಅವಳ ಕೀಲುಗಳ ಮೇಲೆ ತಿರುಗಿಬಿದ್ದಿದೆ. ವಿಟಮಿನ್ ಡಿ ರಕ್ತದಲ್ಲಿದ್ದರೆ ಸಾಲದು, ಜೀವಕೋಶದೊಳಗೆ ಅದನ್ನು ಹಿಡಿದುಕೊಳ್ಳುವ ಗ್ರಾಹಕವೊಂದಿರುತ್ತದೆ. ಅದರ ಜೀನ್ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಕೆಲವು ಬಗೆಗಳಿಗೂ ಇಂಥ ಕಾಯಿಲೆಗೂ ನಂಟಿರಬಹುದು, ಇನ್ನೂ ಖಚಿತವಿಲ್ಲ.

"ಅದು ಹುಟ್ಟಿನಿಂದ ಬರೋದಾ ಮೇಡಂ?" ಅಂಜನಮ್ಮ ಕೇಳಿದಳು.

"ಹೌದು, ಅಪ್ಪ ಅಮ್ಮ ಇಬ್ಬರಿಂದಲೂ."

"ಇಬ್ರೂ ಒಂದೇ ಮನೆಯವರಾದ್ರೆ?"

"ಎರಡು ಕಡೆಯಿಂದಲೂ ಒಂದೇ ಬಗೆ ಬರೋ ಸಾಧ್ಯತೆ ಜಾಸ್ತಿ. ಹಾಗಂತ ಕಾಯಿಲೆ ಬಂದೇ ಬರುತ್ತೆ ಅಂತೇನಿಲ್ಲಮ್ಮ."

ಅಂಜನಮ್ಮ ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ನರಸಯ್ಯ ಅವಳ ಸ್ವಂತ ಸೋದರಮಾವ. ಹರ್ಷಿತಾಳನ್ನೂ ತೊಟ್ಟಿಲಲ್ಲೇ ಅಂಜನಮ್ಮನ ತಮ್ಮ ಮಹೇಂದ್ರನಿಗೆಂದು ಮಾತಾಡಿಟ್ಟಿದ್ದರು. ಮಹೇಂದ್ರನ ಮನೆ ಅದೇ ಬೀದಿಯಲ್ಲಿ. ಆ ಮದುವೆಯಾದರೆ ಮಗಳು ಕೂಗಳತೆಯಲ್ಲೇ ಇರುತ್ತಿದ್ದಳು.

ಮಾತ್ರೆಯಿಂದ ಊತ ಇಳಿಯಿತು, ಸೊಟ್ಟಗಾದ ಬೆರಳು ನೆಟ್ಟಗಾಗಲಿಲ್ಲ. ಮೂರು ವರ್ಷದ ಮೇಲೆ ಮದುವೆಯ ಮಾತು ಬಂದಾಗ ಅಂಜನಮ್ಮ ಈ ಸಂಬಂಧ ಬೇಡವೇ ಬೇಡ ಎಂದಳು. ನರಸಯ್ಯ ಬೀದಿಗೆ ಕೇಳುವಂತೆ ಕೂಗಾಡಿದ.

"ಡಾಕ್ಟ್ರೇ ಖಚಿತ ಇಲ್ಲ ಅಂದವ್ರೆ, ನಿಂದೇನೇ ಹಠ?"

"ಖಚಿತ ಆಗೋವರ್ಗೂ ನನ್ ಮಗಳ ಬೆರಳು ಕಾಯ್ತಾವಾ?"

"ಮಾವನ್ನ ಕಟ್ಕೊಂಡ್ರೆ ನಿನ್ ಹತ್ರನೇ ಇರ್ತೀನಲ್ಲಮ್ಮಾ" ಎಂದು ಹರ್ಷಿತಾ ಅತ್ತಳು. ನಾನೂ ಅಂಜನಮ್ಮನನ್ನೇ ಬೈದೆ. ಮಹೇಂದ್ರ ಅಕ್ಕನ ಮನೆಗೆ ಬರುವುದನ್ನೇ ಬಿಟ್ಟ. ಅವಳು ಜಪ್ಪಯ್ಯ ಅನ್ನಲಿಲ್ಲ.

ಊರಾಚೆ ಸೋಲದೇವನಹಳ್ಳಿಯ, ನೆಂಟಸ್ತಿಕೆಯಿಲ್ಲದ ಹುಡುಗನೊಂದಿಗೆ ಹರ್ಷಿತಾಳ ಮದುವೆಯಾಯಿತು. ಮಗಳನ್ನು ಕಳಿಸಿಕೊಟ್ಟ ಮರುದಿನ ಅಂಜನಮ್ಮ ನನ್ನನ್ನು ಕರೆದು ಕತ್ತರಿ ಕೊಟ್ಟಳು.

"ನೀಲಕ್ಕ, ಕೂದ್ಲು ಕತ್ರಿಸಕ್ಕ. ಕುತ್ತಿಗೆಗೆ ಸಮ."

"ಅಯ್ಯೋ! ಗಂಡ ಇರೋರು ಇಂಥ ಮಾತಾಡ್ತಾರೇನೇ?"

"ಹೆಣೆಯೋಳು ಹೋದ್ಲಲ್ಲ. ಕತ್ರಿಸು."

ನಾನು ಅಳುತ್ತಲೇ ಕತ್ತರಿಸಿದೆ. ಅವಳು ಕದಲದೆ ಕೂತಿದ್ದಳು.